ಹೊಟ್ಟೆಯ ಮೇಲಿನ ಚೀಲ: ಅರ್ಧಕ್ಕೇ ನಿಂತ ಚಿಕಿತ್ಸೆ

ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಮರಳಿದ ರೋಗಿಯನ್ನು ನೋಡಲು ನೆಂಟರಿಷ್ಟರು ಬರುತ್ತಾರೆ. ಹಣ್ಣು ತರುತ್ತಾರೆ, ದುಆ ಮಾಡುತ್ತಾರೆ. ದೊಡ್ಡ ಗಂಡಾಂತರ ಕಳೆಯಿತೆಂದು ಸಮಾಧಾನ ಹೇಳಿ ಹೋಗುತ್ತಾರೆ. ಆದರೆ ಆ ರೋಗಿಯ ಅಂಗಿಯೊಳಗೆ, ಹೊಟ್ಟೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡಿರುವುದು ಬಂದವರಿಗೆ ಗೊತ್ತಿರುವುದಿಲ್ಲ. ಮಲ ಸಹಜ ದಾರಿಯಿಂದ ಹೋಗದೆ ಆ ಚೀಲಕ್ಕೆ ಬೀಳುತ್ತಿರುತ್ತದೆ. ‘ಇದು ತಾತ್ಕಾಲಿಕ. ಕೆಲವು ತಿಂಗಳು ಬಿಟ್ಟು ಬನ್ನಿ, ಇನ್ನೊಂದು ಸಣ್ಣ ಆಪರೇಷನ್ ಮಾಡಿ ಮುಚ್ಚುತ್ತೇವೆ’ ಎಂದು ವೈದ್ಯರು ಹೇಳಿ ಕಳುಹಿಸಿರುತ್ತಾರೆ. ತಿಂಗಳುಗಳು ಉರುಳುತ್ತವೆ, ವರ್ಷವೂ ಕಳೆಯುತ್ತದೆ. ಚೀಲ ಮಾತ್ರ ಹಾಗೆಯೇ ಉಳಿಯುತ್ತದೆ.

ಈ ಎರಡನೆಯ ಆಪರೇಷನ್ನಿನ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಮಾತನಾಡುವವರೇ ಇಲ್ಲ. ಕ್ಯಾನ್ಸರ್ ಎಂದರೆ ಹೆದರುತ್ತೇವೆ, ಮೊದಲ ಆಪರೇಷನ್ನಿಗೆ ಹೊಲ ಅಡವಿಟ್ಟಾದರೂ ಹಣ ಹೊಂದಿಸುತ್ತೇವೆ. ಆದರೆ ಮನುಷ್ಯನನ್ನು ಮತ್ತೆ ಮೊದಲಿನ ಬದುಕಿಗೆ ತರುವ ಎರಡನೆಯ ಆಪರೇಷನ್ನಿನ ಹೊತ್ತಿಗೆ ಹಣವೂ ಮುಗಿದಿರುತ್ತದೆ, ಉತ್ಸಾಹವೂ ಮುಗಿದಿರುತ್ತದೆ. ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂತಹ ಒಬ್ಬರಿದ್ದರೆ ಈ ಬರಹವನ್ನು ದಯವಿಟ್ಟು ಕೊನೆಯವರೆಗೆ ಓದಿ.

ಚೀಲ ಯಾಕೆ ಹಾಕುತ್ತಾರೆ?

ನಾವು ಉಂಡ ಆಹಾರ ಹೊಟ್ಟೆಯಿಂದ ಸಣ್ಣ ಕರುಳಿಗೆ, ಅಲ್ಲಿಂದ ದೊಡ್ಡ ಕರುಳಿಗೆ ಹೋಗುತ್ತದೆ. ದೊಡ್ಡ ಕರುಳಿನ ಕೊನೆಯ ಭಾಗವೇ ಗುದನಾಳ. ಅಲ್ಲಿ ಗಡ್ಡೆ ಬೆಳೆದಾಗ ಆ ಭಾಗವನ್ನು ಕತ್ತರಿಸಿ ತೆಗೆದು, ಮೇಲಿನ ಮತ್ತು ಕೆಳಗಿನ ತುದಿಗಳನ್ನು ಜೋಡಿಸುತ್ತಾರೆ. ಜೋಡಣೆ ಗುದದ್ವಾರಕ್ಕೆ ಹತ್ತಿರವಿದ್ದಷ್ಟೂ ಅದು ಮಾಯುವುದು ಕಷ್ಟ. ಮಾಯುವ ಮೊದಲೇ ಅದರ ಮೂಲಕ ಮಲ ಹರಿದು ಜೋಡಣೆ ಸೋರಿದರೆ ಹೊಟ್ಟೆಯೊಳಗೆ ಕೀವಾಗಿ ಪ್ರಾಣಕ್ಕೇ ಅಪಾಯ. ಆದ್ದರಿಂದ ಸಣ್ಣ ಕರುಳಿನ ಒಂದು ಕುಣಿಕೆಯನ್ನು ಹೊಟ್ಟೆಯ ಗೋಡೆಯಿಂದ ಹೊರತೆಗೆದು, ಅಲ್ಲಿಯೇ ಮಲ ಹೊರಬೀಳುವಂತೆ ಮಾಡುತ್ತಾರೆ. ಇದಕ್ಕೆ ಇಲಿಯೊಸ್ಟಮಿ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಹೊಟ್ಟೆಯ ಬಲಭಾಗದಲ್ಲಿರುತ್ತದೆ. ದೊಡ್ಡ ಕರುಳನ್ನೇ ಹೊರತೆಗೆದರೆ ಅದು ಕೊಲೊಸ್ಟಮಿ, ಹೆಚ್ಚಾಗಿ ಎಡಭಾಗದಲ್ಲಿರುತ್ತದೆ. ಹೊಟ್ಟೆಯ ಮೇಲೆ ಕಾಣುವ ಕೆಂಪು ಬಾಯಿಗೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಸ್ಟೋಮಾ ಎಂದರೆ ಬಾಯಿ ಎಂದೇ ಅರ್ಥ.

ಇದು ಇಂದು ನಿನ್ನೆಯ ವಿದ್ಯೆಯಲ್ಲ. 1793ರಲ್ಲಿ ಫ್ರಾನ್ಸಿನ ಡ್ಯೂರೆ ಎಂಬ ವೈದ್ಯರು ಗುದದ್ವಾರವಿಲ್ಲದೆ ಹುಟ್ಟಿದ ಮಗುವಿಗೆ ಹೀಗೆ ದಾರಿ ಮಾಡಿಕೊಟ್ಟರು. ಆ ಮಗು ಬದುಕಿ ನಡುವಯಸ್ಸಿನವರೆಗೂ ಬಾಳಿತು. 1908ರಲ್ಲಿ ಲಂಡನ್ನಿನ ಮೈಲ್ಸ್ ಎಂಬ ವೈದ್ಯರು ಗುದನಾಳದ ಕ್ಯಾನ್ಸರ್‌ಗೆ ಗುದದ್ವಾರವನ್ನೂ ಸೇರಿಸಿ ತೆಗೆದುಹಾಕುವ ಆಪರೇಷನ್ ರೂಪಿಸಿದರು. ಅದರಲ್ಲಿ ಜೀವ ಉಳಿಯುತ್ತಿತ್ತು, ಆದರೆ ಚೀಲ ಜೀವನಪೂರ್ತಿ. ಬಹುಕಾಲ ಇದೇ ನಡೆಯಿತು. ನಂತರ ಕರುಳನ್ನು ಜೋಡಿಸುವ ಸ್ಟೇಪ್ಲರ್ ಉಪಕರಣಗಳು ಬಂದವು, ವಿಕಿರಣ ಚಿಕಿತ್ಸೆ ಸುಧಾರಿಸಿತು. ಇದರಿಂದ ಅನೇಕ ರೋಗಿಗಳ ಗುದದ್ವಾರವನ್ನು ಉಳಿಸಿ, ಚೀಲವನ್ನು ಕೆಲವು ತಿಂಗಳಿಗಷ್ಟೇ ಸೀಮಿತಗೊಳಿಸಲು ಸಾಧ್ಯವಾಯಿತು. ಅಂದರೆ ವೈದ್ಯವಿಜ್ಞಾನ ನೂರು ವರ್ಷ ದುಡಿದು ಗಳಿಸಿದ ಲಾಭ ರೋಗಿಗೆ ತಲುಪುವುದು ಎರಡನೆಯ ಆಪರೇಷನ್ ಆದಾಗಲೇ. ಅದು ಆಗದಿದ್ದರೆ ನಮ್ಮ ಹಳ್ಳಿಯ ರೋಗಿ ಇನ್ನೂ 1908ರಲ್ಲೇ ಇದ್ದಂತೆ.

ಸಾಮಾನ್ಯವಾಗಿ ಮೊದಲ ಆಪರೇಷನ್ ಆದ ಎರಡು ಮೂರು ತಿಂಗಳಿಗೆ ಮುಚ್ಚಬಹುದು. ಕಿಮೊಥೆರಪಿ ಇದ್ದರೆ ಅದು ಮುಗಿಯುವವರೆಗೆ ಕಾಯುವುದುಂಟು. ಅಂದರೆ ಆರೇಳು ತಿಂಗಳಾಗಬಹುದು. ಅದಕ್ಕೂ ಮೊದಲು ಜೋಡಣೆ ಮಾಗಿದೆಯೇ ಎಂದು ಬೆರಳಿನ ಪರೀಕ್ಷೆ, ಕ್ಯಾಮರಾ ಪರೀಕ್ಷೆ ಅಥವಾ ಔಷಧ ತುಂಬಿಸಿ ತೆಗೆಯುವ ಎಕ್ಸ್‌ರೇಯಿಂದ ನೋಡುತ್ತಾರೆ. ಎಲ್ಲವೂ ಸರಿಯಿದ್ದರೆ ಮರುಜೋಡಣೆ ಮೊದಲಿನ ಆಪರೇಷನ್‌ನಷ್ಟು ದೊಡ್ಡದಲ್ಲ. ಹೆಚ್ಚಿನವರು ಒಂದು ವಾರದೊಳಗೆ ಮನೆಗೆ ಮರಳುತ್ತಾರೆ.

ಕರ್ಜಗಿಯಿಂದ ಹುಬ್ಬಳ್ಳಿಯವರೆಗೆ

ಈಗ ಒಬ್ಬ ರೋಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಾವೇರಿ ತಾಲೂಕಿನ ಕರ್ಜಗಿ ಎಂದಿಟ್ಟುಕೊಳ್ಳೋಣ. ಕಾರಹುಣ್ಣಿಮೆಗೆ ಹೆಸರಾದ ಊರು, ರೈಲು ನಿಲ್ದಾಣವೂ ಇದೆ. ರೋಗಿ ಎರಡು ಮೂರು ಎಕರೆಯಲ್ಲಿ ಗೋವಿನಜೋಳ, ಹತ್ತಿ ಬೆಳೆಯುವ ರೈತ. ಅಥವಾ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುವವನು. ಅಥವಾ ರಾಣೇಬೆನ್ನೂರಿನಲ್ಲಿ ಮನೆಗೆಲಸ ಮಾಡುವ ತಾಯಿ. ಮಲದಲ್ಲಿ ರಕ್ತ ಬಂತು. ಮೂಲವ್ಯಾಧಿ ಎಂದುಕೊಂಡು ವರ್ಷವಿಡೀ ನಾಟಿ ಔಷಧಿ ತೆಗೆದುಕೊಂಡದ್ದಾಯಿತು. ಕೊನೆಗೆ ಹಾವೇರಿಯಲ್ಲಿ ಪರೀಕ್ಷೆಯಾಗಿ, ಅಲ್ಲಿಂದ ಹುಬ್ಬಳ್ಳಿಗೆ ಕಳುಹಿಸಿದರು.

ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲೆಗೆ ಸರಕಾರಿ ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ. ಆದರೆ ಗುದನಾಳದ ಕ್ಯಾನ್ಸರ್‌ನಂತಹ ದೊಡ್ಡ ಚಿಕಿತ್ಸೆಗೆ ನಮ್ಮ ಜನ ಬಹುಕಾಲದಿಂದ ಹೋಗುತ್ತಿರುವುದು ಸುಮಾರು 75 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ. ಅಲ್ಲಿ 1957ರಲ್ಲಿ ಆರಂಭವಾದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರಕಾರಿ ವೈದ್ಯಕೀಯ ಸಂಸ್ಥೆಯಿದೆ. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ರಾಣೇಬೆನ್ನೂರಿನ ಕಡೆಯವರಿಗೆ ದಾವಣಗೆರೆ ಹತ್ತಿರ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಆ ಸಂಸ್ಥೆ ಇಂದು ರಾಜ್ಯದ ಮೂಲೆಮೂಲೆಯ ಬಡ ರೋಗಿಗಳ ಆಸರೆ. ಆದರೆ ಹಾವೇರಿಯಿಂದ ಅದು ಸುಮಾರು 340 ಕಿಲೋಮೀಟರ್ ದೂರ.

ನಮ್ಮ ರೈತನಿಗೆ ಮೊದಲು ವಿಕಿರಣ ಚಿಕಿತ್ಸೆಯಾಯಿತು. ವಾರಗಟ್ಟಲೆ ಪಟ್ಟಣದಲ್ಲೇ ಉಳಿಯಬೇಕಾಯಿತು. ನಂತರ ಆಪರೇಷನ್. ಬಳಿಕ ಎರಡು ಮೂರು ವಾರಕ್ಕೊಮ್ಮೆ ಕಿಮೊಥೆರಪಿ. ಪ್ರತಿ ಸಲವೂ ಮಗನೋ ಹೆಂಡತಿಯೋ ಜೊತೆಗೆ ಹೋಗಬೇಕು, ಅಂದರೆ ಎರಡು ಕೂಲಿ ಹೋಯಿತು. ಎತ್ತು ಮಾರಿದ್ದಾಯಿತು, ಮಗಳ ಮದುವೆಗೆಂದು ಇಟ್ಟ ಬಂಗಾರ ಹೋಯಿತು. ಎಂಟು ಹತ್ತು ತಿಂಗಳ ಬಳಿಕ ‘ಕಿಮೊ ಮುಗಿಯಿತು’ ಎಂದಾಗ ಇಡೀ ಮನೆ ನಿಟ್ಟುಸಿರು ಬಿಟ್ಟಿತು. ನಿಜವಾಗಿ ಹೇಳಬೇಕೆಂದರೆ, ‘ಈಗ ಮರುಜೋಡಣೆಗೆ ದಿನ ಗೊತ್ತು ಮಾಡಿ’ ಎಂದು ಹೇಳಬೇಕಾದ ಸಮಯ ಅದೇ. ಆದರೆ ಮನೆಯವರ ಪಾಲಿಗೆ ಚಿಕಿತ್ಸೆ ಮುಗಿದಿದೆ!

ಯಾಕೆ ಹಿಂತಿರುಗುವುದಿಲ್ಲ?

ತಾತ್ಕಾಲಿಕವೆಂದು ಹಾಕಿದ ಸ್ಟೋಮಾಗಳಲ್ಲಿ ಒಂದು ಭಾಗ ಕೊನೆಗೂ ಮುಚ್ಚದೆ ಉಳಿಯುತ್ತವೆ ಎಂಬುದು ಶ್ರೀಮಂತ ದೇಶಗಳ ಅನುಭವವೂ ಹೌದು. ಅಲ್ಲಿನ ಹಲವು ಅಧ್ಯಯನಗಳಲ್ಲಿ ಈ ಪ್ರಮಾಣ ಸುಮಾರು ಐದರಲ್ಲಿ ಒಂದರಷ್ಟಿದೆ. ಅವರಲ್ಲಿ ಅನೇಕರಿಗೆ ವೈದ್ಯಕೀಯ ಕಾರಣಗಳಿರುತ್ತವೆ. ರೋಗ ಮರುಕಳಿಸಿರುತ್ತದೆ, ಜೋಡಣೆ ಸೋರಿರುತ್ತದೆ, ಹೃದಯ ದುರ್ಬಲವಾಗಿರುತ್ತದೆ ಅಥವಾ ಮಲವನ್ನು ತಡೆದು ಹಿಡಿಯುವ ಸ್ನಾಯು ಸೋತಿರುತ್ತದೆ. ಇಂತಹವರಿಗೆ ಮುಚ್ಚದಿರುವುದೇ ಸರಿಯಾದ ಚಿಕಿತ್ಸೆ. ಆದರೆ ನಮ್ಮಲ್ಲಿ ಇಂತಹ ಯಾವ ಅಡ್ಡಿಯೂ ಇಲ್ಲದವರು ಕೂಡ ಚೀಲದೊಂದಿಗೇ ಉಳಿಯುತ್ತಾರೆ. ಅದಕ್ಕೆ ಕಾರಣಗಳು ಬೇರೆ.

ಮೊದಲನೆಯದು, ತಿಳಿವಳಿಕೆ. ಹಳ್ಳಿಯಲ್ಲಿ ಮಾಸ್ತರರೆಂದರೆ ಬ್ಯಾಂಕಿನ ಚೀಟಿಯಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಇಂಗ್ಲಿಷಿನಲ್ಲಿರುವುದನ್ನೆಲ್ಲ ಓದಿ ಹೇಳಬೇಕಾದವರು. ಡಿಸ್ಚಾರ್ಜ್ ಕಾರ್ಡ್ ಹಿಡಿದು ಬರುವವರಿಗೆ ಅದರಲ್ಲಿ ಏನಿದೆಯೆಂದು ಗೊತ್ತಿರುವುದಿಲ್ಲ. ಚೀಲ ಕೆಲವು ತಿಂಗಳಿಗೆಂದು ಆ ಕಾರ್ಡಿನಲ್ಲೇ ಬರೆದಿದ್ದರೂ ಮನೆಯವರು ಅದನ್ನು ಜನ್ಮಕ್ಕಂಟಿದ ಪಾಡೆಂದು ಭಾವಿಸಿರುತ್ತಾರೆ. ಆಪರೇಷನ್ನಿನ ಗಾಬರಿಯಲ್ಲಿ ವೈದ್ಯರು ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ.

ಎರಡನೆಯದು, ಚಿಕಿತ್ಸೆ ಹಲವು ಕಡೆ ಹಂಚಿಹೋಗಿರುವುದು. ಆಪರೇಷನ್ ಒಂದು ಆಸ್ಪತ್ರೆಯಲ್ಲಿ, ವಿಕಿರಣ ಇನ್ನೊಂದರಲ್ಲಿ, ಕಿಮೊ ಮತ್ತೊಂದರಲ್ಲಿ. 2025ರಲ್ಲಿ ರಾಜ್ಯ ಸರಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಕೇಂದ್ರಗಳನ್ನು ಆರಂಭಿಸಿತು. ಇದು ನಿಜಕ್ಕೂ ಒಳ್ಳೆಯ ಕೆಲಸ. ರೋಗಿಯ ಓಡಾಟ ತಪ್ಪುತ್ತದೆ. ಆದರೆ ಕಿಮೊ ಕೊಡುವ ಜಾಗ ಬೇರೆ, ಆಪರೇಷನ್ ಮಾಡಿದ ವೈದ್ಯರು ಬೇರೆ ಆದಾಗ ಚೀಲ ಮುಚ್ಚುವುದನ್ನು ನೆನಪಿಸುವವರು ಯಾರು? ಈ ಹೊಣೆಯನ್ನು ರೋಗಿಯ ಮನೆಯವರೇ ಹೊತ್ತುಕೊಳ್ಳಬೇಕಾಗುತ್ತದೆ.

ಮೂರನೆಯದು, ಸರದಿ. ದೊಡ್ಡ ಸರಕಾರಿ ಆಸ್ಪತ್ರೆಗಳ ಆಪರೇಷನ್ ಕೋಣೆಗಳ ಮುಂದೆ ಅಪಘಾತದವರು, ಕರುಳು ಕಟ್ಟಿಕೊಂಡವರು, ಹೊಸದಾಗಿ ಕ್ಯಾನ್ಸರ್ ಪತ್ತೆಯಾದವರು ಕಾಯುತ್ತಿರುತ್ತಾರೆ. ಮರುಜೋಡಣೆ ತುರ್ತು ಅಲ್ಲ, ಹೀಗಾಗಿ ಮುಂದೆ ಹೋಗುತ್ತದೆ. ಇದು ವೈದ್ಯರ ಕಲ್ಲೆದೆಯಲ್ಲ, ಅವರ ಮುಂದಿರುವ ಸಾಲಿನ ಉದ್ದ. ಆದರೆ ಎರಡು ಸಲ ‘ಮುಂದಿನ ತಿಂಗಳು ಬನ್ನಿ’ ಎಂದು ಕೇಳಿಸಿಕೊಂಡ ರೈತ ಮೂರನೆಯ ಸಲ ಬಸ್ ಹತ್ತುವುದಿಲ್ಲ. ಅಷ್ಟರಲ್ಲಿ ಮುಂಗಾರು ಬರುತ್ತದೆ, ಬಿತ್ತನೆ ಬರುತ್ತದೆ, ಸುಗ್ಗಿ ಬರುತ್ತದೆ.

ನಾಲ್ಕನೆಯದು, ಹಣ. ‘ಆಸ್ಪತ್ರೆಯಲ್ಲಿ ಎಲ್ಲ ಫ್ರೀ ಅಲ್ಲವೇ?’ ಎಂದು ಹೇಳುವವರಿದ್ದಾರೆ. ಚಿಕಿತ್ಸೆ ಉಚಿತವಾದರೂ ಬಸ್ಸಿನ ಚಾರ್ಜು, ಊಟ, ತಂಗುವ ಜಾಗ, ತಪ್ಪಿದ ಕೂಲಿ, ಹೊರಗೆ ಮಾಡಿಸುವ ಪರೀಕ್ಷೆ ಉಚಿತವಲ್ಲ. ಸಾಲ ಇನ್ನೂ ತೀರದ ಮನೆಗೆ ಇದು ಪರ್ವತವಾಗಿ ಕಾಣುತ್ತದೆ.

ಐದನೆಯದು, ಭಯ. ‘ಜೀವ ಉಳಿದಿದೆಯಲ್ಲ, ಸಾಕು. ಮತ್ತೆ ಹೊಟ್ಟೆ ಕೊಯ್ಯಿಸಿಕೊಳ್ಳುವುದು ಬೇಡ’ ಎಂದು ಮನೆಯ ಹಿರಿಯರೇ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಚೀಲದೊಂದಿಗೆ ದಿನ ದೂಡುವವರು ಅವರಲ್ಲ.

ಚೀಲದೊಂದಿಗಿನ ಬದುಕು

ಸರಿಯಾದ ಚೀಲ, ಸರಿಯಾದ ತರಬೇತಿ ಇದ್ದರೆ ಸ್ಟೋಮಾ ಇರುವವರು ದುಡಿಯಬಹುದು, ಪ್ರಯಾಣ ಮಾಡಬಹುದು, ಸಂಸಾರ ನಡೆಸಬಹುದು. ಲೋಕದಲ್ಲಿ ಲಕ್ಷಾಂತರ ಜನ ಹಾಗೆ ಬದುಕುತ್ತಿದ್ದಾರೆ. ಶಾಶ್ವತ ಸ್ಟೋಮಾ ಇರುವವರು ಇದನ್ನು ಓದಿ ಎದೆಗುಂದಬೇಕಾಗಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಆ ‘ಸರಿಯಾದ’ ಎಂಬುದೇ ಸಿಗುವುದಿಲ್ಲ. ಒಳ್ಳೆಯ ಚೀಲಗಳಿಗೆ ನೂರಾರು ರೂಪಾಯಿ. ಅವು ಪಟ್ಟಣದ ದೊಡ್ಡ ಔಷಧಿ ಅಂಗಡಿಗಳಲ್ಲಿ ಮಾತ್ರ ಸಿಗುತ್ತವೆ. ಕೆಲವೇ ದಿನಗಳಿಗೊಮ್ಮೆ ಬದಲಿಸಬೇಕಾದುದನ್ನು ತೊಳೆದು ತೊಳೆದು ವಾರಗಟ್ಟಲೆ ಬಳಸುತ್ತಾರೆ. ಕೆಲವರು ಅಂಗಡಿಯ ಪ್ಲಾಸ್ಟಿಕ್ ಕೊಟ್ಟೆಯನ್ನೇ ಬಟ್ಟೆಯಿಂದ ಬಿಗಿದು ಕಟ್ಟಿಕೊಳ್ಳುತ್ತಾರೆ. ಆಗ ಮಲ ಚರ್ಮಕ್ಕೆ ತಾಗುತ್ತದೆ. ಸಣ್ಣ ಕರುಳಿನ ಮಲದಲ್ಲಿ ಜೀರ್ಣರಸ ಇರುವುದರಿಂದ ಚರ್ಮ ಸುಟ್ಟಂತೆ ಕೆಂಪಾಗಿ ಹುಣ್ಣಾಗುತ್ತದೆ.

ಇದಕ್ಕಿಂತ ಗಂಭೀರವಾದುದು ದೇಹ ಒಣಗುವುದು. ನೀರನ್ನು ಹೀರಿಕೊಳ್ಳುವ ಕೆಲಸದಲ್ಲಿ ದೊಡ್ಡ ಕರುಳಿನ ಪಾಲು ದೊಡ್ಡದು. ಇಲಿಯೊಸ್ಟಮಿ ಇರುವವರಲ್ಲಿ ಆಹಾರ ಅಲ್ಲಿಗೆ ತಲುಪುವುದೇ ಇಲ್ಲ. ಆದ್ದರಿಂದ ನೀರು, ಉಪ್ಪು ಎರಡೂ ಚೀಲದ ಮೂಲಕ ಹೊರಹೋಗುತ್ತವೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಹೊಲಕ್ಕೆ ಹೋದರೆ ಏನಾಗಬಹುದು ಯೋಚಿಸಿ. ಬಾಯಿ ಒಣಗುವುದು, ತಲೆ ಸುತ್ತುವುದು, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗುವುದು, ಕಾಲಿನ ಮೀನಖಂಡ ಸೆಳೆಯುವುದು ಇವು ಅಪಾಯದ ಸೂಚನೆಗಳು. ಬರೀ ನೀರನ್ನು ಎಷ್ಟು ಕುಡಿದರೂ ಸಾಲದು, ಓಆರ್‌ಎಸ್ ಬೇಕು. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಚೀಲಕ್ಕೆ ಬರುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನಿರ್ಲಕ್ಷಿಸಿದರೆ ಮೂತ್ರಪಿಂಡಗಳಿಗೇ ಪೆಟ್ಟು ಬೀಳುತ್ತದೆ. ಮೂತ್ರಪಿಂಡ ಸೋತರೆ ಮುಂದಿನ ಆಪರೇಷನ್ನೂ ಕಷ್ಟ. ಭಾರ ಎತ್ತುವವರಿಗೆ ಸ್ಟೋಮಾದ ಪಕ್ಕದಲ್ಲಿ ಹರ್ನಿಯಾ ಬರುವ ಭಯವೂ ಇದೆ.

ಮನಸ್ಸಿನ ನೋವನ್ನು ಯಾವ ಲೆಕ್ಕಕ್ಕೆ ಹಿಡಿಯೋಣ? ಚೀಲ ಇರುವವರು ಮದುವೆ ಮನೆಗೆ ಹೋಗುವುದನ್ನು ಬಿಡುತ್ತಾರೆ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡಾರೆಂಬ ಅಳುಕು. ಗಂಡ ಹೆಂಡಿರ ನಡುವೆ ಮಾತಾಡದ ದೂರ ಬೆಳೆಯುತ್ತದೆ. ಹೆಣ್ಣಾಗಿದ್ದರೆ ಇನ್ನೂ ಕಷ್ಟ. ಗಂಡನ ಚೀಲವನ್ನು ಹೆಂಡತಿ ತೊಳೆಯುತ್ತಾಳೆ. ಹೆಂಡತಿಯ ಚೀಲವನ್ನು ತೊಳೆಯುವ ಗಂಡಂದಿರು ಎಷ್ಟು ಮಂದಿ? ಆಕೆ ಎಲ್ಲರೂ ಮಲಗಿದ ಮೇಲೆ ಹಿತ್ತಲಲ್ಲಿ ಒಬ್ಬಳೇ ತೊಳೆದುಕೊಳ್ಳುತ್ತಾಳೆ. ಒಂದು ಹೊತ್ತಿನ ಊಟ ಬಿಡುತ್ತಾಳೆ, ಚೀಲ ತುಂಬದಿರಲಿ ಎಂದು.

ನಮಾಝ್ ಬಿಟ್ಟುಬಿಡಬೇಕೇ?

ನಮ್ಮ ಸಮುದಾಯದ ರೋಗಿಗಳಲ್ಲಿ ಇನ್ನೊಂದು ವೇದನೆಯಿದೆ. ‘ಸದಾ ಮಲ ಹೊರಬೀಳುತ್ತಿರುವಾಗ ನನ್ನ ವುಝೂ ಹೇಗೆ ನಿಲ್ಲುತ್ತದೆ? ನಾನು ನಾಪಾಕ್ ಅಲ್ಲವೇ?’ ಎಂದು ಕೊರಗುತ್ತಾರೆ. ಹಲವರು ಮಸೀದಿಗೆ ಬರುವುದನ್ನು ಬಿಡುತ್ತಾರೆ. ಕೆಲವರು ನಮಾಝನ್ನೇ ಬಿಡುತ್ತಾರೆ. ಐದು ಹೊತ್ತಿನ ನಮಾಝ್‌ನಲ್ಲಿ ಜೀವನ ಕಳೆದವರಿಗೆ ಇದು ಕ್ಯಾನ್ಸರಿಗಿಂತ ದೊಡ್ಡ ಶಿಕ್ಷೆಯಾಗಿ ಕಾಣುತ್ತದೆ.

ಇದಕ್ಕೆ ಶರೀಅತ್‌ನಲ್ಲಿ ಸ್ಪಷ್ಟ ದಾರಿಯಿದೆ. ರಕ್ತಸ್ರಾವ ನಿಲ್ಲದ ಮಹಿಳೆಯೊಬ್ಬರು ಪ್ರವಾದಿಯವರ(ಸ) ಬಳಿ ಬಂದು ತಮ್ಮ ಕಷ್ಟ ಹೇಳಿಕೊಂಡಾಗ, ನಮಾಝ್ ಬಿಡಲು ಅವರಿಗೆ ಹೇಳಲಾಗಲಿಲ್ಲ. ಪ್ರತಿ ನಮಾಝ್‌ಗೆ ವುಝೂ ಮಾಡಿಕೊಳ್ಳುವಂತೆ ತಿಳಿಸಲಾಯಿತು. ಇದರ ಆಧಾರದಲ್ಲಿ ಫಿಕ್‌ಹ್ ವಿದ್ವಾಂಸರು ತಡೆಯಲಾಗದ ಸ್ರಾವವಿರುವವರನ್ನು ‘ಮಅಝೂರ್’ ಎಂದು ಕರೆದು ರಿಯಾಯಿತಿ ನೀಡಿದ್ದಾರೆ. ಹನಫಿ ಮದ್‌ಹಬ್‌ನಂತೆ ಪ್ರತಿ ನಮಾಝ್‌ನ ವೇಳೆಗೆ ಒಂದು ವುಝೂ ಮಾಡಿ, ಆ ವೇಳೆ ಮುಗಿಯುವವರೆಗೆ ಫರ್ಝ್, ಸುನ್ನತ್, ನಫಿಲ್ ಎಲ್ಲವನ್ನೂ ನಿರ್ವಹಿಸಬಹುದು. ಚೀಲಕ್ಕೆ ಮಲ ಬೀಳುವುದರಿಂದ ಆ ವುಝೂ ಮುರಿಯುವುದಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ವೇಳೆ ಪ್ರವೇಶಿಸಿದ ಬಳಿಕ ಪ್ರತಿ ಫರ್ಝ್‌ಗೆ ವುಝೂ ಮಾಡಿ ತಡಮಾಡದೆ ನಮಾಝ್ ನಿರ್ವಹಿಸುತ್ತಾರೆ. ವಿವರಗಳನ್ನು ನಿಮ್ಮ ಊರಿನ ಆಲಿಮ್ ಬಳಿ ಕೇಳಿ ತಿಳಿಯಿರಿ. ಆದರೆ ಮೂಲ ಮಾತು ಒಂದೇ: ರೋಗಿಯ ಮೇಲೆ ಶಕ್ತಿ ಮೀರಿದ ಹೊರೆಯಿಲ್ಲ. ರಮಝಾನ್ ಉಪವಾಸದ ವಿಷಯವೂ ಹಾಗೆಯೇ. ಇಲಿಯೊಸ್ಟಮಿ ಇರುವವರು ಹದಿಮೂರು ಹದಿನಾಲ್ಕು ಗಂಟೆ ನೀರಿಲ್ಲದೆ ಇರುವುದು ಅಪಾಯಕಾರಿ. ರೋಗಿಗೆ ಇರುವ ರಿಯಾಯಿತಿಯನ್ನು ಬಳಸಿಕೊಳ್ಳಲು ಸಂಕೋಚಪಡಬಾರದು.

ಖತೀಬರು ಒಂದು ಜುಮುಅದಲ್ಲಿ ಐದು ನಿಮಿಷ ಈ ಮಸ್‌ಅಲವನ್ನು ವಿವರಿಸಿದರೆ, ಮನೆಯ ಮೂಲೆಯಲ್ಲಿ ಕುಳಿತ ಎಷ್ಟೋ ಮಂದಿಯ ಎದೆಯ ಭಾರ ಇಳಿಯುತ್ತದೆ.

ಸೌಲಭ್ಯಗಳು ಯಾವುವು?

ಒಂದು ಕಾಲದಲ್ಲಿ ಬಡವರಿಗೆ ಇಂತಹ ಆಪರೇಷನ್ ಕನಸಾಗಿತ್ತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಅದು ಮೊದಲು ಕಲಬುರ್ಗಿ ವಿಭಾಗದಲ್ಲಿ, ನಂತರ ನಮ್ಮ ಬೆಳಗಾವಿ ವಿಭಾಗದಲ್ಲಿ ಜಾರಿಯಾಯಿತು. 2018ರಲ್ಲಿ ಆರೋಗ್ಯ ಕರ್ನಾಟಕ ಆರಂಭವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸರಕಾರ ಭರಿಸುತ್ತದೆ. ಉಳಿದ ಶೇ. 70 ಕೈಯಿಂದ ಹೋಗಬೇಕು.

ಎರಡು ವಿಷಯ ನೆನಪಿಡಿ. ಒಂದು, ಮರುಜೋಡಣೆಯು ಮೊದಲ ಆಪರೇಷನ್ನಿನ ಬಾಲವಲ್ಲ, ಅದು ಪ್ರತ್ಯೇಕ ಚಿಕಿತ್ಸೆ. ಅದಕ್ಕೆ ಹೊಸದಾಗಿ ಅನುಮತಿ ಪಡೆಯಬೇಕು. ‘ಹಿಂದೆ ಕಾರ್ಡ್ ಬಳಸಿದ್ದೇವೆ, ಮತ್ತೆ ಸಿಗುವುದಿಲ್ಲ’ ಎಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರಬೇಡಿ. ಎರಡು, ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸುವುದಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಅದಿಲ್ಲದೆ ನೇರವಾಗಿ ಹೋದವರು ಹಣ ಕಟ್ಟಬೇಕಾಗಿ ಬರುತ್ತದೆ. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಮೊದಲು ಅವರನ್ನು ಕಾಣಿ. ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕರೆ ಮಾಡಿಯೂ ಕೇಳಬಹುದು. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ ಯೋಜನೆಯನ್ನು 2022ರಲ್ಲಿ ಮತ್ತೆ ಆರಂಭಿಸಲಾಯಿತು. ನಿಮ್ಮ ಸೊಸೈಟಿಯಲ್ಲಿ ವಿಚಾರಿಸಿ.

ಪ್ರಯಾಣಕ್ಕೂ ರಿಯಾಯಿತಿಗಳಿವೆ. ಚಿಕಿತ್ಸೆಗೋ ತಪಾಸಣೆಗೋ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ಎಸಿ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆಯಬೇಕು. ಹುಬ್ಬಳ್ಳಿ–ಬೆಂಗಳೂರು ಮಾರ್ಗ ನಮ್ಮ ಜಿಲ್ಲೆಯ ನಡುವೆಯೇ ಹೋಗುತ್ತದೆ. ಈ ಸೌಲಭ್ಯ ಬಳಸದೆ ಬಾಡಿಗೆ ಕಾರಿಗೆ ಸಾಲ ಮಾಡುವವರನ್ನು ಕಂಡರೆ ಸಂಕಟವಾಗುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ರೋಗಿಯ ಜೊತೆ ಹೋಗುವ ತಾಯಿ, ಹೆಂಡತಿ, ಮಗಳಿಗೆ ಇದು ದೊಡ್ಡ ಆಸರೆ.

ನೀವು ಮಾಡಬೇಕಾದದ್ದು

ಮೊದಲು ಡಿಸ್ಚಾರ್ಜ್ ಕಾರ್ಡನ್ನು ತೆಗೆದು ಓದಿಸಿ. ಅದರಲ್ಲಿ ‘ಲೂಪ್ ಇಲಿಯೊಸ್ಟಮಿ’, ‘ಡೈವರ್ಟಿಂಗ್’, ‘ಕವರಿಂಗ್’, ‘ಟೆಂಪರರಿ’ ಎಂಬ ಪದಗಳಿದ್ದರೆ ಅದು ಮುಚ್ಚುವ ಉದ್ದೇಶದಿಂದ ಹಾಕಿದ ಸ್ಟೋಮಾ. ‘ರಿವರ್ಸಲ್’ ಅಥವಾ ‘ಕ್ಲೋಷರ್’ ಎಂಬ ಪದದ ಪಕ್ಕದಲ್ಲಿ ಎಷ್ಟು ವಾರ ಎಂದು ಬರೆದಿರಬಹುದು. ‘ಪರ್ಮನೆಂಟ್’ ಅಥವಾ ‘ಎಪಿಆರ್’ ಎಂದಿದ್ದರೆ ಗುದದ್ವಾರವನ್ನೇ ತೆಗೆಯಲಾಗಿದೆ, ಅದು ಶಾಶ್ವತ. ಆಗ ಒಳ್ಳೆಯ ಚೀಲ ಮತ್ತು ತರಬೇತಿಯ ಕಡೆ ಗಮನ ಕೊಡಬೇಕು. ಏನೂ ಸ್ಪಷ್ಟವಿಲ್ಲದಿದ್ದರೆ ವೈದ್ಯರನ್ನೇ ಕೇಳಿ. ಕೇಳಬೇಕಾದ ಪ್ರಶ್ನೆಗಳು ಸರಳ: ಇದು ತಾತ್ಕಾಲಿಕವೇ? ಯಾವ ತಿಂಗಳಲ್ಲಿ ಮುಚ್ಚುತ್ತೀರಿ? ಅದಕ್ಕೆ ಮೊದಲು ಯಾವ ಪರೀಕ್ಷೆಗಳು ಬೇಕು? ಮುಚ್ಚಬಾರದೆಂದಾದರೆ ಕಾರಣವೇನು? ಉತ್ತರವನ್ನು ಕನ್ನಡದಲ್ಲಿ ಬರೆದುಕೊಳ್ಳಿ.

ಕಿಮೊಥೆರಪಿಯ ಕೊನೆಯ ಡೋಸಿಗೆ ಹೋದ ದಿನವೇ ಮರುಜೋಡಣೆಯ ಮಾತೆತ್ತಿ. ಬಿತ್ತನೆ ಸುಗ್ಗಿಗಳ ಲೆಕ್ಕ ಹಾಕಿ ದಿನ ಕೇಳಿ. ಎಲ್ಲ ಕಾಗದಗಳು, ಸ್ಕ್ಯಾನ್ ಫಿಲ್ಮುಗಳು, ಬಯಾಪ್ಸಿ ವರದಿ ಒಂದೇ ಚೀಲದಲ್ಲಿರಲಿ. ಕಾಗದ ಕಳೆದುಕೊಂಡರೆ ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕಾಗುತ್ತದೆ. ಎರಡು ಮೂರು ವರ್ಷ ತಡವಾಗಿದ್ದರೂ ನಿರಾಶರಾಗಬೇಡಿ. ತಡವಾದಷ್ಟೂ ಕರುಳಿನ ಅಭ್ಯಾಸ ಮರಳುವುದು ಕಷ್ಟವಾದೀತು, ಆದರೆ ಬಾಗಿಲು ಮುಚ್ಚಿತೆಂದಲ್ಲ. ಪರೀಕ್ಷಿಸಿ ಹೇಳಬೇಕಾದವರು ಶಸ್ತ್ರವೈದ್ಯರು.

ಈ ಭೇಟಿಯಿಂದ ಇನ್ನೊಂದು ಲಾಭವೂ ಇದೆ. ಕರುಳಿನ ಕ್ಯಾನ್ಸರ್ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ ಮರಳುತ್ತದೆ. ಸಿಇಎ ಎಂಬ ರಕ್ತಪರೀಕ್ಷೆ, ಸ್ಕ್ಯಾನ್, ಕೊಲೊನೊಸ್ಕೊಪಿಗಳಿಂದ ಅದನ್ನು ಬೇಗ ಹಿಡಿಯಬಹುದು. ಯಕೃತ್ತಿನಲ್ಲಿ ಕಂಡ ಗಡ್ಡೆಯನ್ನು ಸಹ ಬೇಗ ಪತ್ತೆಯಾದರೆ ಕೆಲವರಲ್ಲಿ ಆಪರೇಷನ್ ಮಾಡಿ ತೆಗೆಯಲು ಸಾಧ್ಯ. ಚೀಲ ಮುಚ್ಚಿಸಲು ಹೋಗದವರು ಈ ತಪಾಸಣೆಗಳಿಂದಲೂ ವಂಚಿತರಾಗುತ್ತಾರೆ.

ಮರುಜೋಡಣೆಯ ನಂತರ ಮೊದಲ ದಿನದಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದು ಯಾರೂ ಆಸೆ ತೋರಿಸಬಾರದು. ತಿಂಗಳುಗಟ್ಟಲೆ ಕೆಲಸವಿಲ್ಲದೆ ಇದ್ದ ಗುದನಾಳ ಮತ್ತೆ ಪಾಠ ಕಲಿಯಬೇಕು. ದಿನಕ್ಕೆ ಹಲವು ಸಲ ಶೌಚಕ್ಕೆ ಹೋಗಬೇಕಾಗುವುದು, ತಡೆಯಲಾಗದಿರುವುದು, ಸ್ವಲ್ಪ ಸ್ವಲ್ಪವೇ ಆಗುವುದು ಸಾಮಾನ್ಯ. ವೈದ್ಯರು ಹೇಳಿಕೊಡುವ ಸ್ನಾಯು ಬಿಗಿಹಿಡಿಯುವ ವ್ಯಾಯಾಮ, ಆಹಾರದ ಬದಲಾವಣೆ, ಔಷಧಿಗಳಿಂದ ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ಸುಧಾರಿಸುತ್ತದೆ. ಮನೆಯಲ್ಲಿ ಶೌಚಾಲಯ ಹತ್ತಿರವಿರಲಿ. ಮನೆಯವರ ತಾಳ್ಮೆಯೂ ಇರಲಿ. ಹೊಟ್ಟೆ ಉಬ್ಬರಿಸಿ ವಾಂತಿಯಾದರೆ, ಜ್ವರ ಬಂದರೆ, ಗಾಯದಲ್ಲಿ ಕೀವಾದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಜಮಾಅತಿನ ಹೊಣೆ

ನಮ್ಮ ಮಸೀದಿ ಕಮಿಟಿಗಳು, ಬೈತುಲ್‌ಮಾಲ್‌ಗಳು, ಯುವಕ ಸಂಘಗಳು ರೋಗಿಗಳಿಗೆ ನೆರವು ನೀಡುತ್ತವೆ. ಆದರೆ ಆ ನೆರವು ಹೆಚ್ಚಾಗಿ ಮೊದಲ ಆಪರೇಷನ್ನಿಗೇ ಮುಗಿಯುತ್ತದೆ. ಫೋಟೊ ಸಹಿತ ಮನವಿ, ಚಂದಾ, ಒಂದಷ್ಟು ಹಣ, ಅಲ್ಲಿಗೆ ಕಡತ ಮುಚ್ಚಿತು. ಆರು ತಿಂಗಳ ನಂತರ ಆ ಮನೆಗೆ ಯಾರಾದರೂ ಹೋಗಿ ‘ಚೀಲ ಮುಚ್ಚಿಸಿದಿರಾ?’ ಎಂದು ಕೇಳಿದ್ದುಂಟೇ? ಮರುಜೋಡಣೆಗೆ ಬೇಕಾದದ್ದು ಲಕ್ಷಗಳಲ್ಲ. ಚಿಕಿತ್ಸೆಯ ಖರ್ಚನ್ನು ಯೋಜನೆ ನೋಡಿಕೊಂಡರೆ ಉಳಿಯುವುದು ಎರಡು ಮೂರು ಪ್ರಯಾಣ, ಒಂದು ವಾರದ ಊಟ, ತಪ್ಪಿದ ಕೂಲಿ ಮತ್ತು ಜೊತೆಗೆ ನಿಲ್ಲುವ ಒಬ್ಬ ತಿಳಿದ ಮನುಷ್ಯ. ಝಕಾತ್‌ಗೆ ಅರ್ಹನಾದ ರೋಗಿಗೆ ಇದನ್ನು ಝಕಾತ್‌ನಿಂದಲೇ ಕೊಡಬಹುದು. ಉಳಿದವರಿಗೆ ಸದಕಾ ಇದೆ. ರೋಗಿ ಯಾವ ಧರ್ಮದವನೆಂದು ನೋಡದೆ ಜೊತೆಗೆ ನಿಲ್ಲುವುದು ನೆರೆಹೊರೆಯ ಹಕ್ಕು.

ಪ್ರತಿ ಊರಿನಲ್ಲಿ ಓದಿದ ಇಬ್ಬರು ಯುವಕರು, ಇಬ್ಬರು ಯುವತಿಯರು ಈ ಕೆಲಸಕ್ಕೆ ಸಿಕ್ಕರೆ ಸಾಕು. ಊರಲ್ಲಿ ಹೊಟ್ಟೆಯ ಆಪರೇಷನ್ ಆದವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯೊಂದಿಗೆ ಕುಳಿತು ಮಾಡಬಹುದು. ಯಾರ ಕಿಮೊ ಯಾವಾಗ ಮುಗಿಯುತ್ತದೆ ಎಂದು ಬರೆದಿಟ್ಟು ನೆನಪಿಸಬಹುದು. ಹುಬ್ಬಳ್ಳಿಗೆ ಹೋಗುವವರು ಚೀಲಗಳನ್ನು ಒಟ್ಟಿಗೆ ಕೊಂಡು ತರಬಹುದು. ಮರುಜೋಡಣೆಯಾಗಿ ಗುಣವಾದ ಒಬ್ಬರನ್ನು ಭಯಪಡುವ ಇನ್ನೊಬ್ಬರ ಮನೆಗೆ ಕರೆದೊಯ್ಯಬಹುದು. ವೈದ್ಯರ ನೂರು ಮಾತಿಗಿಂತ ಅಂಗಿ ಎತ್ತಿ ಮಾಗಿದ ಗಾಯ ತೋರಿಸುವ ಒಬ್ಬ ಮನುಷ್ಯ ಹೆಚ್ಚು ಧೈರ್ಯ ಕೊಡುತ್ತಾನೆ.

ಮಲದಲ್ಲಿ ರಕ್ತ ಕಂಡರೆ, ಶೌಚದ ಅಭ್ಯಾಸ ಕೆಲವು ವಾರಗಳಿಂದ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದು ರಕ್ತಹೀನತೆ ಕಾಣಿಸಿದರೆ ಮೂಲವ್ಯಾಧಿಯೆಂದು ಸುಮ್ಮನಾಗದೆ ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ನಲವತ್ತರ ಒಳಗಿನವರಲ್ಲೂ ಕಂಡುಬರುತ್ತದೆ. ಬೇಗ ಪತ್ತೆಯಾದರೆ ಎಷ್ಟೋ ಜನರಿಗೆ ಚೀಲದ ಪ್ರಶ್ನೆಯೇ ಬರುವುದಿಲ್ಲ.

ಓದುಗರೇ, ಇದನ್ನು ಓದಿದ ಮೇಲೆ ಒಂದು ಕೆಲಸ ಮಾಡಿ. ನಿಮಗೆ ಗೊತ್ತಿರುವವರಲ್ಲಿ ಕರುಳಿನ ಆಪರೇಷನ್ ಆದವರು ಯಾರಿದ್ದಾರೆಂದು ಯೋಚಿಸಿ. ಈ ವಾರವೇ ಅವರ ಮನೆಗೆ ಹೋಗಿ. ಆರೋಗ್ಯ ವಿಚಾರಿಸಿದ ಬಳಿಕ ಮೆಲ್ಲಗೆ ಡಿಸ್ಚಾರ್ಜ್ ಕಾರ್ಡ್ ತೋರಿಸಲು ಕೇಳಿ. ಅದನ್ನು ಓದಿ, ಮುಚ್ಚಿಸಬಹುದಾದದ್ದಾದರೆ ದಿನ ಗೊತ್ತು ಮಾಡಿಸಿ. ಆ ದಿನ ನೀವೂ ಅವರ ಜೊತೆ ಬಸ್ ಹತ್ತಿ.